ಡಬಲ್ ಕಾಣುವುದೆಲ್ಲ ಡಬಲ್ ಡೈ ಅಲ್ಲ

ನಾಣ್ಯದ ಹುಚ್ಚು ಇರುವವರ ಫೋನಿನಲ್ಲಿ ಒಂದು ಜಾತಿಯ ಫೋಟೋಗಳು ತುಂಬಿರುತ್ತವೆ. ಅಂಗೈ ಮೇಲೆ ಒಂದು ರೂಪಾಯಿ, ಅರ್ಧ ನೆರಳು, ಅರ್ಧ ಟ್ಯೂಬ್‌ಲೈಟಿನ ಹೊಳಪು, ಯಾವುದೋ ಅಕ್ಷರಕ್ಕೆ ಹಾಕಿದ ಕೆಂಪು ಸುತ್ತು. ಕೆಳಗೆ ಪ್ರಶ್ನೆ: "ಮಾಷ್ಟ್ರೇ, ಇದು ಡಬಲ್ ಡೈ ಅಲ್ವಾ? ಎಷ್ಟು ಸಿಗಬಹುದು?" ಅಚ್ಚಿನ ತಪ್ಪಿನಿಂದ ಅಕ್ಷರ ಎರಡೆರಡಾಗಿ ಬಂದ, ಸಂಗ್ರಾಹಕರು ದುಡ್ಡು ಕೊಟ್ಟು ಕೊಳ್ಳುವ ನಾಣ್ಯ ಎಂದು ಅವರ ಲೆಕ್ಕ. ಬದಿಯಡ್ಕ, ಪೆರ್ಲ, ಉಪ್ಪಳದಿಂದ ಬರುತ್ತವೆ. ದುಬೈ, ಶಾರ್ಜಾದಿಂದಲೂ ಬರುತ್ತವೆ. ಕಾಸರಗೋಡಿನವರು ಇಲ್ಲದ ಊರು ಉಂಟಾ?

ನನ್ನ ಉತ್ತರ ಹೆಚ್ಚಿನ ಸಲ "ಅಲ್ಲ" ಎಂದೇ ಇರುತ್ತದೆ. ಕೇಳಿದವರಿಗೆ ಬೇಸರವಾಗುತ್ತದೆ. "ಎರಡೆರಡು ಕಾಣ್ತದಲ್ಲ ಮಾರಾಯ್ರೇ, ಮತ್ತೆ ಹೇಗೆ ಅಲ್ಲ?" ಎಂದು ಮರುಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ಆದರೆ ಎರಡು ಸಾಲಿನ ಮೆಸೇಜಿನಲ್ಲಿ ಹೇಳಿ ಮುಗಿಸುವ ವಿಷಯ ಇದಲ್ಲ. ಅದಕ್ಕೇ ಇಲ್ಲಿ ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ.

ನಾಣ್ಯದ ಮೇಲೆ ಚಿತ್ರ, ಅಕ್ಷರ ಎಲ್ಲ ಉಬ್ಬಿಕೊಂಡಿರುತ್ತವೆ. ಅವನ್ನು ಒತ್ತುವ ಉಕ್ಕಿನ ತುಂಡಿಗೆ ಡೈ ಎನ್ನುತ್ತಾರೆ. ಡೈ ಮೇಲೆ ಅದೇ ಚಿತ್ರ ಒಳಕ್ಕೆ ಇಳಿದಿರುತ್ತದೆ, ಎಡಬಲ ತಿರುಗಿರುತ್ತದೆ. ಒಂದು ಡೈ ಸವೆದರೆ ಇನ್ನೊಂದು ಬೇಕು. ಟಂಕಸಾಲೆಗೆ ಹೀಗೆ ನೂರಾರು ಡೈ ಬೇಕಾಗುತ್ತವೆ. ಅಷ್ಟನ್ನೂ ಕೈಯಲ್ಲಿ ಕೆತ್ತುತ್ತಾ ಕೂತರೆ ಮುಗಿಯುವುದಿಲ್ಲ. ಅದಕ್ಕಾಗಿ ಹಬ್ ಎಂಬ ಇನ್ನೊಂದು ಉಕ್ಕಿನ ತುಂಡು ಇರುತ್ತದೆ. ಹಬ್ ಮೇಲೆ ಚಿತ್ರ ನಾಣ್ಯದಲ್ಲಿ ಇದ್ದ ಹಾಗೆಯೇ ಉಬ್ಬಿರುತ್ತದೆ. ಮೆತ್ತಗೆ ಮಾಡಿದ ಖಾಲಿ ಉಕ್ಕಿಗೆ ಹಬ್ಬನ್ನು ಭಾರೀ ಒತ್ತಡದಲ್ಲಿ ಒತ್ತಿದರೆ ಡೈ ತಯಾರಾಗುತ್ತದೆ.

ಕಥೆ ಶುರುವಾಗುವುದು ಈ ಒತ್ತುವ ಕೆಲಸದಲ್ಲಿ. ಹಿಂದೆಲ್ಲ ಒಂದೇ ಒತ್ತಿಗೆ ಚಿತ್ರ ಪೂರ್ತಿ ಇಳಿಯುತ್ತಿರಲಿಲ್ಲ. ಒಮ್ಮೆ ಒತ್ತಿದಾಗ ಉಕ್ಕು ಗಟ್ಟಿಯಾಗಿಬಿಡುತ್ತದೆ. ಅದನ್ನು ಕುಲುಮೆಯಲ್ಲಿ ಕಾಯಿಸಿ, ನಿಧಾನವಾಗಿ ಆರಿಸಿ, ಮೆತ್ತಗಾದ ಮೇಲೆ ಮತ್ತೆ ಹಬ್ಬಿನ ಕೆಳಗೆ ಇಡಬೇಕು. ಎರಡನೆಯ ಸಲ ಇಡುವಾಗ ಮೊದಲಿನ ಗುರುತಿಗೆ ಸರಿಯಾಗಿ ಕೂರಬೇಕು. ಕೂದಲೆಳೆಯಷ್ಟು ತಿರುಗಿದರೂ ಸಾಕು, ಹಳೆಯ ಅಕ್ಷರದ ಪಕ್ಕದಲ್ಲೇ ಹೊಸ ಅಕ್ಷರ ಒತ್ತಿ ಹೋಗುತ್ತದೆ. ಈಗ ಡೈ ಮೇಲೆಯೇ ಎರಡು ಚಿತ್ರ. ಆ ಡೈ ಹೊಡೆಯುವ ಪ್ರತಿಯೊಂದು ನಾಣ್ಯದಲ್ಲೂ ಅದೇ ಜಾಗದಲ್ಲಿ, ಅದೇ ಅಳತೆಯಲ್ಲಿ ಅದೇ ಡಬಲ್ ಬರುತ್ತದೆ. ಡಬಲ್ ಡೈ ಅಂದರೆ ಇಷ್ಟೇ. ಹೆಸರೇ ಹೇಳುವಂತೆ, ಎರಡಾಗಿರುವುದು ಡೈ.

ನಮ್ಮ ಕಡೆಯ ಹೆಂಚಿನ ಮಾಡು ನೋಡಿದವರಿಗೆ ಇದು ಬೇಗ ತಲೆಗೆ ಹೋಗುತ್ತದೆ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದಂದಿನಿಂದ ಇಲ್ಲಿಯ ಹಳೆಯ ಹೆಂಚುಗಳ ಹೊಟ್ಟೆಯಲ್ಲಿ ಕಂಪೆನಿಯ ಹೆಸರು ಒತ್ತಿರುತ್ತದೆ. ಹಸಿ ಹೆಂಚನ್ನು ಅಚ್ಚಿನಿಂದ ಎತ್ತುವಾಗ ಕೈ ನಡುಗಿದರೆ ಆ ಒಂದು ಹೆಂಚಿನ ಅಕ್ಷರ ಕೆಡುತ್ತದೆ. ಅಚ್ಚಿನಲ್ಲೇ ಅಕ್ಷರ ಕೆಟ್ಟಿದ್ದರೆ ಇಡೀ ಮಾಡಿನ ಹೆಂಚುಗಳೆಲ್ಲ ಒಂದೇ ರೀತಿ ಕೆಟ್ಟಿರುತ್ತವೆ. ನಾಣ್ಯ ಕೈಗೆ ಬಂದಾಗ ನಾವು ಕೇಳಬೇಕಾದ್ದು ಇದನ್ನೇ: ತಪ್ಪು ಅಚ್ಚಿನದ್ದೋ, ಕೈಯದ್ದೋ?

ಈ ಜಾತಿಯಲ್ಲಿ ರಾಜ ಅಂದರೆ ಅಮೆರಿಕದ 1955ರ ಒಂದು ಸೆಂಟ್. ಲಿಂಕನ್ ತಲೆ ಇರುವ ತಾಮ್ರದ ಬಣ್ಣದ ಚಿಕ್ಕ ನಾಣ್ಯ. ಫಿಲಡೆಲ್ಫಿಯಾದ ಟಂಕಸಾಲೆಯಲ್ಲಿ ಕೆಟ್ಟ ಡೈ ಒಂದು ರಾತ್ರಿ ಪಾಳಿಯಲ್ಲಿ ಪ್ರೆಸ್ಸಿಗೆ ಏರಿತು. ತಪ್ಪು ಗಮನಕ್ಕೆ ಬರುವಷ್ಟರಲ್ಲಿ ಸಾವಿರಾರು ನಾಣ್ಯ ಬೇರೆ ಪ್ರೆಸ್ಸುಗಳ ಒಳ್ಳೆಯ ನಾಣ್ಯಗಳ ರಾಶಿಯಲ್ಲಿ ಬೆರೆತು ಹೋಗಿದ್ದವು. ಅವನ್ನು ಆರಿಸಲು ಕೂತರೆ ಕೆಲಸ ಕೆಡುತ್ತದೆ, ಕರಗಿಸಿದರೆ ಇಡೀ ರಾಶಿ ಕರಗಿಸಬೇಕು. ಹೋಗಲಿ ಎಂದು ಬಿಟ್ಟುಬಿಟ್ಟರು. ಹೊರಗೆ ಹೋದದ್ದು ಇಪ್ಪತ್ತರಿಂದ ಇಪ್ಪತ್ನಾಲ್ಕು ಸಾವಿರ ಎಂದು ಅಂದಾಜು.

ಅವು ಜನರ ಕೈಗೆ ಸಿಕ್ಕಿದ ರೀತಿ ನನಗೆ ಬಹಳ ಇಷ್ಟ. ಆಗ ಅಲ್ಲಿ ಸಿಗರೇಟು ಕೊಡುವ ಯಂತ್ರಗಳಿದ್ದವು. ಪ್ಯಾಕಿನ ಬೆಲೆ 23 ಸೆಂಟ್. ಯಂತ್ರಕ್ಕೆ ಹಾಕುವುದು 25 ಸೆಂಟಿನ ನಾಣ್ಯ. ಚಿಲ್ಲರೆ ವಾಪಸು ಕೊಡಲು ಯಂತ್ರಕ್ಕೆ ಬರುವುದಿಲ್ಲ. ಅದಕ್ಕೆ ಪ್ಯಾಕಿನ ಹೊರಗಿನ ಪಾರದರ್ಶಕ ಹಾಳೆಯೊಳಗೆ ಮೊದಲೇ ಎರಡು ಹೊಸ ಸೆಂಟ್ ತೂರಿಸಿ ಇಡುತ್ತಿದ್ದರು. ಸಿಗರೇಟು ಸೇದುವವನಿಗೆ ಪ್ಯಾಕಿನ ಜೊತೆ ಇತಿಹಾಸವೂ ಸಿಕ್ಕಿತು. ಎಷ್ಟು ಮಂದಿ ಅದನ್ನು ನೋಡದೆ ಖರ್ಚು ಮಾಡಿದರೋ. ಇವತ್ತು ಸವೆದ ಒಂದು ಕೈಗೆ ಬಂದರೂ ಸಾವಿರ ಡಾಲರಿನ ಆಸುಪಾಸಿನ ಮಾತು.

ಆ ನಾಣ್ಯದಲ್ಲಿ ಒಂದು ವಿಚಿತ್ರ ಇದೆ. ಇಸವಿ, ಲಿಬರ್ಟಿ ಎಂಬ ಪದ, ಮೇಲಿನ ಅಂಚಿನ ಇನ್ ಗಾಡ್ ವಿ ಟ್ರಸ್ಟ್, ಎಲ್ಲ ಬರಿಗಣ್ಣಿಗೆ ಎರಡೆರಡು ಕಾಣುತ್ತವೆ. ಲಿಂಕನ್ನನ ಮುಖ ಮಾತ್ರ ಒಂದೇ. ಹೊಸಬರು ಇದನ್ನು ನೋಡಿ "ಹಾಗಾದರೆ ಇದು ನಕಲಿ" ಎನ್ನುತ್ತಾರೆ. ಅಲ್ಲ. ಎರಡನೆಯ ಸಲ ಒತ್ತುವಾಗ ಡೈ ನಡುಬಿಂದುವಿನ ಸುತ್ತ ತುಸು ತಿರುಗಿತ್ತು. ತಿರುಗಿದಾಗ ನಡುವಿನಲ್ಲಿ ಇರುವುದು ಹೆಚ್ಚು ಸರಿಯುವುದಿಲ್ಲ, ಅಂಚಿನಲ್ಲಿರುವುದು ಹೆಚ್ಚು ಸರಿಯುತ್ತದೆ. ಅಕ್ಷರಗಳೆಲ್ಲ ಅಂಚಿನಲ್ಲಿವೆ. ಇಷ್ಟು ಲೆಕ್ಕ ಗೊತ್ತಿದ್ದರೆ ನಾಣ್ಯವೇ ನಮಗೆ ಹೇಳುತ್ತದೆ, ನಾನು ಹೀಗೆ ತಿರುಗಿದ್ದೆ ಎಂದು.

ಡೈ ನಡುಬಿಂದುವಿನ ಸುತ್ತಲೇ ತಿರುಗಬೇಕು ಎಂದೇನಿಲ್ಲ. ಕೆಲವು ಸಲ ಅಂಚಿನ ಹತ್ತಿರದ ಒಂದು ಬಿಂದುವನ್ನು ಹಿಡಿದು ತಿರುಗುತ್ತದೆ. ಆಗ ಆ ಬದಿಯಲ್ಲಿ ಏನೂ ಕಾಣುವುದಿಲ್ಲ, ಎದುರು ಬದಿಯಲ್ಲಿ ಜೋರಾಗಿ ಕಾಣುತ್ತದೆ. ಇನ್ನು ಕೆಲವು ಸಲ ತಿರುಗದೆ ಸುಮ್ನೆ ಒಂದು ಪಕ್ಕಕ್ಕೆ ಜರುಗುತ್ತದೆ. ಆಗ ಎಲ್ಲ ಅಕ್ಷರಗಳ ನೆರಳೂ ಒಂದೇ ದಿಕ್ಕಿಗೆ. ಇನ್ನೊಂದು ಬಗೆ ಮಜವಾಗಿದೆ. ಮೊದಲು ಒತ್ತಿದ ಹಬ್ ಒಂದು, ಎರಡನೆಯ ಸಲ ಒತ್ತಿದ ಹಬ್ ಬೇರೆಯದೇ. 1941ರ ಕೊನೆಯಲ್ಲಿ ಅಮೆರಿಕದ ಟಂಕಸಾಲೆಯಲ್ಲಿ ಎರಡು ಇಸವಿಗಳ ಡೈ ಕೆಲಸ ಒಟ್ಟೊಟ್ಟಿಗೆ ನಡೆದಿತ್ತು. ಒಂದು ಡೈಗೆ ಒಮ್ಮೆ 1941ರ ಹಬ್, ಮತ್ತೊಮ್ಮೆ 1942ರ ಹಬ್ ಬಿತ್ತು. ಇಸವಿಯ 2ರ ಪಕ್ಕದಲ್ಲಿ 1 ನಿಂತಿರುವ ಹತ್ತು ಸೆಂಟಿನ ಬೆಳ್ಳಿ ನಾಣ್ಯ ಹಾಗೆ ಹುಟ್ಟಿತು. ತಿಳಿದವರು ಇಂಥ ಬಗೆಗಳನ್ನು ಎಂಟು ವರ್ಗ ಮಾಡಿದ್ದಾರೆ. ಎಂಟನ್ನೂ ಬಾಯಿಪಾಠ ಮಾಡುವ ಅಗತ್ಯ ಇಲ್ಲ. ಡೈ ಹೇಗೆ ಜರುಗಿತು ಎಂದು ಊಹಿಸಲು ಬಂದರೆ ಸಾಕು.

ಇನ್ನು ನಿಜವಾದ ತಲೆನೋವಿಗೆ ಬರುತ್ತೇನೆ. ಫೋನಿಗೆ ಬರುವ ಫೋಟೋಗಳಲ್ಲಿ ಹೆಚ್ಚಿನವು ಡಬಲ್ ಡೈ ಅಲ್ಲ, ಸ್ಟ್ರೈಕ್ ಡಬ್ಲಿಂಗ್. ಇದು ಡೈ ಮಾಡುವಾಗ ಆದದ್ದಲ್ಲ, ನಾಣ್ಯ ಹೊಡೆಯುವಾಗ ಆದದ್ದು. ಪ್ರೆಸ್ಸಿನಲ್ಲಿ ಡೈ ಸ್ವಲ್ಪ ಸಡಿಲವಾಗಿದೆ ಎಂದುಕೊಳ್ಳಿ. ಹೊಡೆತ ಬಿದ್ದು ಅಕ್ಷರ ಉಬ್ಬಿ ನಿಂತಿದೆ. ಡೈ ಬಿಡಿಸಿಕೊಳ್ಳುವ ಮೊದಲು ಒಂದಿಷ್ಟು ಅಲುಗಿದರೆ, ಆಗಷ್ಟೇ ಉಬ್ಬಿದ ಅಕ್ಷರದ ಒಂದು ಅಂಚನ್ನು ಒತ್ತಿ ಚಪ್ಪಟೆ ಮಾಡಿಬಿಡುತ್ತದೆ. ನಮ್ಮ ಕಣ್ಣಿಗೆ ಅಕ್ಷರದ ಪಕ್ಕದಲ್ಲಿ ಇನ್ನೊಂದು ಅಕ್ಷರ ಇದ್ದ ಹಾಗೆ ಕಾಣುತ್ತದೆ.

ಎರಡಕ್ಕೂ ವ್ಯತ್ಯಾಸ ಎಲ್ಲಿ? ಅಕ್ಷರದ ಮೈಯಲ್ಲಿ. ಡಬಲ್ ಡೈಯಲ್ಲಿ ಎರಡು ಅಕ್ಷರಗಳ ಲೋಹ ಇರುತ್ತದೆ, ಹಾಗಾಗಿ ಅಕ್ಷರ ದಪ್ಪವಾಗುತ್ತದೆ. ಮಾಮೂಲಿ ನಾಣ್ಯದ ಪಕ್ಕದಲ್ಲಿಟ್ಟರೆ ಇದರ ಅಕ್ಷರ ಅಗಲ ಜಾಸ್ತಿ. ಸ್ಟ್ರೈಕ್ ಡಬ್ಲಿಂಗಿನಲ್ಲಿ ಹೊಸ ಲೋಹ ಎಲ್ಲಿಂದಲೂ ಬಂದಿಲ್ಲ. ಇದ್ದ ಅಕ್ಷರದಿಂದಲೇ ಒಂದು ಚೂರು ಕತ್ತರಿಸಿ ಪಕ್ಕಕ್ಕೆ ತಳ್ಳಿದೆ. ಹಾಗಾಗಿ ಮೇಲಿನ ಅಕ್ಷರ ಮಾಮೂಲಿಗಿಂತ ಸಪೂರ. ಚೂರು ಮತ್ತು ಅಕ್ಷರ ಎರಡನ್ನೂ ಸೇರಿಸಿ ಅಳೆದರೆ ಬರುವುದು ಮಾಮೂಲಿ ಅಗಲವೇ. ನಾನು ಮೊದಲು ನೋಡುವುದು ಇದನ್ನು. ಬಾಕಿ ಲಕ್ಷಣಗಳೆಲ್ಲ ಆಮೇಲೆ.

ಆ ಬಾಕಿ ಲಕ್ಷಣಗಳಲ್ಲೂ ಎರಡು ಗಟ್ಟಿಯಾದವು. ಒಂದು, ಎತ್ತರ. ಸ್ಟ್ರೈಕ್ ಡಬ್ಲಿಂಗಿನ ಚೂರು ನೆಲಮಟ್ಟಕ್ಕೆ ಹತ್ತಿರ, ಚಪ್ಪಟೆ, ಒಂದು ಮೆಟ್ಟಿಲು ಇದ್ದ ಹಾಗೆ. ಬೆಳಕು ಬಿದ್ದರೆ ಅದು ಒಂದೇ ಹಾಳೆಯಾಗಿ ಪಳಪಳ ಹೊಳೆಯುತ್ತದೆ. ಡಬಲ್ ಡೈಯ ಎರಡನೆಯ ಅಕ್ಷರಕ್ಕೆ ಮೊದಲಿನದರಂತೆಯೇ ಗುಂಡಗಿನ ಮೈ ಇರುತ್ತದೆ. ಎರಡು, ಮೂಲೆಗಳು. ಇಂಗ್ಲಿಷ್ ಅಕ್ಷರಗಳ ತುದಿಯಲ್ಲಿ ಸಣ್ಣ ಚಾಚುಗಳಿರುತ್ತವಲ್ಲ, ಅಲ್ಲಿ ನೋಡಬೇಕು. ಎರಡು ಅಕ್ಷರ ಒಂದರ ಮೇಲೊಂದು ಕೂತಿದ್ದರೆ ಮೂಲೆಯಲ್ಲಿ ಸೀಳು ಕಾಣುತ್ತದೆ, ಎರಡು ತುದಿಗಳ ನಡುವೆ ಒಂದು ಕಚ್ಚು. ಆ ಕಚ್ಚು ಸ್ಟ್ರೈಕ್ ಡಬ್ಲಿಂಗಿನಲ್ಲಿ ಬರುವುದು ಕಷ್ಟ.

ನಮ್ಮ ದೇವನಾಗರಿ ಅಕ್ಷರಗಳಿಗೆ ಅಂಥ ಚಾಚು ಕಡಿಮೆ. ಹಾಗಾಗಿ ಭಾರತದ ನಾಣ್ಯ ಹಿಡಿದಾಗ ನಾನು ತಲೆಗೆರೆ ಮುಗಿಯುವ ತುದಿಯನ್ನೂ ಇಸವಿಯ ಅಂಕೆಗಳನ್ನೂ ನೋಡುತ್ತೇನೆ. ಸಿಂಹಸ್ತಂಭದ ಕೆಳಗಿನ ಸತ್ಯಮೇವ ಜಯತೇ ಅಷ್ಟು ಚಿಕ್ಕದು, ಅದರಲ್ಲಿ ಡಬಲ್ ಹುಡುಕಿದರೆ ಕಣ್ಣು ನಾವು ಬಯಸಿದ್ದನ್ನೆಲ್ಲ ತೋರಿಸುತ್ತದೆ. ಅದರ ತಂಟೆಗೆ ಹೋಗದಿರುವುದೇ ಒಳ್ಳೆಯದು.

ಮೂರನೆಯ ಕಳ್ಳ ಇನ್ನೊಬ್ಬ ಇದ್ದಾನೆ. ಡೈ ಲಕ್ಷಗಟ್ಟಲೆ ಹೊಡೆದು ಸವೆದಾಗ ಅಕ್ಷರಗಳ ಅಂಚು ಮಂಕಾಗಿ, ಊದಿಕೊಂಡು, ಪಕ್ಕದಲ್ಲಿ ನೆರಳು ಇದ್ದ ಹಾಗೆ ಕಾಣುತ್ತದೆ. ಇದಕ್ಕೆ ಸ್ಪಷ್ಟವಾದ ಗಡಿ ಇರುವುದಿಲ್ಲ. 1955ರ ಸೆಂಟಿನಲ್ಲೇ ಇಂಥದ್ದೂ ಇದೆ. ಇಸವಿಯ ಕೊನೆಯ 5ರ ಪಕ್ಕದಲ್ಲಿ ಒಂದು ಮಂಕು ನೆರಳು. ಅಸಲಿ ಕೊಳ್ಳಲು ಆಗದವರಿಗೆ ಇದು ಎಂದು ಅಲ್ಲಿಯವರು ಅದಕ್ಕೆ ಬಡವರ ಡಬಲ್ ಡೈ ಎಂದು ಹೆಸರಿಟ್ಟಿದ್ದಾರೆ. 1982ರ ನಂತರದ ಸೆಂಟ್‌ಗಳಲ್ಲಿ ಇನ್ನೊಂದು ಗೊಂದಲ. ಅವು ಒಳಗೆ ಸತು, ಹೊರಗೆ ತಾಮ್ರದ ತೆಳು ಲೇಪ. ಹೊಡೆತಕ್ಕೆ ಅಕ್ಷರದ ಬುಡದಲ್ಲಿ ಲೇಪ ಹರಿದರೆ ಬೂದು ಬಣ್ಣದ ಗೆರೆ ಕಾಣುತ್ತದೆ. ಅದನ್ನೂ ಡಬಲ್ ಎಂದು ಮಾರುವವರಿದ್ದಾರೆ.

ಮತ್ತೆ ಫೋನಿನ ಕ್ಯಾಮೆರಾ. ಹೊಸ ನಾಣ್ಯದ ನೆಲ ಕನ್ನಡಿಯಂತೆ ಹೊಳೆಯುತ್ತದೆ. ಅದರಲ್ಲಿ ಅಕ್ಷರದ ಪ್ರತಿಬಿಂಬ ಬೀಳುತ್ತದೆ. ಫ್ಲಾಶ್ ಹಾಕಿದರಂತೂ ಪ್ರತಿ ಅಕ್ಷರಕ್ಕೂ ಒಂದು ಅವಳಿ. ಸಂಶಯ ಬಂದರೆ ನಾಣ್ಯವನ್ನು ದೀಪದ ಕೆಳಗೆ ನಿಧಾನ ತಿರುಗಿಸಿ. ಡಬಲ್ ಜಾಗ ಬದಲಿಸಿದರೆ ಅದು ಬೆಳಕಿನ ಆಟ. ಅಲ್ಲೇ ನಿಂತರೆ ಲೋಹದಲ್ಲಿ ಏನೋ ಇದೆ. ಚಿನ್ನದ ಕೆಲಸದವರು ಕಣ್ಣಿಗೆ ಹಿಡಿಯುವ, ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಲೂಪ್ ಸಾಕು. ಇಪ್ಪತ್ತು, ನಲವತ್ತು ಪಟ್ಟಿನದ್ದು ತಂದರೆ ಪ್ರತಿ ನಾಣ್ಯವೂ ಅಪರೂಪದ್ದಾಗಿ ಕಾಣಲು ಶುರುವಾಗುತ್ತದೆ. ಹುಚ್ಚು ಹಿಡಿಯಲು ಅದಕ್ಕಿಂತ ಸುಲಭದ ದಾರಿ ಇಲ್ಲ.

ನನಗೆ ಈ ಕಣ್ಣು ಬಂದದ್ದು ಪುಸ್ತಕದಿಂದ ಅಲ್ಲ, ದೊಡ್ಡಮ್ಮನ ಮಗ ಅಮೆರಿಕದಿಂದ ತಂದ ಒಂದು ಡಬ್ಬಿ ಸೆಂಟ್‌ಗಳಿಂದ. ಅಲ್ಲಿ ಯಾರೂ ಅವನ್ನು ಕಿಸೆಯಲ್ಲಿ ಇಟ್ಟುಕೊಳ್ಳುವುದಿಲ್ಲವಂತೆ. ಡಬ್ಬಿಯಲ್ಲಿ ತುಂಬುತ್ತಾ ಹೋಗಿ, ಊರಿಗೆ ಬರುವಾಗ ಮಕ್ಕಳಿಗೆ ಆಡಲು ಎಂದು ತಂದಿದ್ದ. "ಭಾರ ಅಂತ ಏರ್‌ಪೋರ್ಟಲ್ಲಿ ಬಿಡುವ ಅಂತಿದ್ದೆ ಅಣ್ಣ, ನಿಮ್ಮ ನೆನಪಾಯ್ತು" ಎಂದ. ಆ ಡಬ್ಬಿಯಲ್ಲಿ 1995ರ ಒಂದು ಸೆಂಟ್ ಇತ್ತು. ಲಿಬರ್ಟಿಯ ಅಕ್ಷರಗಳು ದಪ್ಪ, ಇನ್ ಗಾಡ್ ಎಂಬಲ್ಲಿ ಮೂಲೆಗಳೆಲ್ಲ ಸೀಳಿದ್ದವು. ಇಸವಿಯಲ್ಲಿ ಏನೂ ಇಲ್ಲ. 1995ರ ಡಬಲ್ ಡೈ ಅಲ್ಲಿ ಪ್ರಸಿದ್ಧ, ಸಾಕಷ್ಟು ಸಿಗುತ್ತದೆ, ಬೆಲೆ ದೊಡ್ಡದೇನಲ್ಲ. ಆದರೆ ಪುಸ್ತಕದ ಚಿತ್ರಕ್ಕೂ ಕೈಯಲ್ಲಿರುವ ನಾಣ್ಯಕ್ಕೂ ಅಕ್ಷರ ಅಕ್ಷರವಾಗಿ ತಾಳೆ ಆದಾಗ ಆದ ಖುಷಿ ಬೇರೆಯೇ. ಅದೇ ಡಬ್ಬಿಯಲ್ಲಿ ಸ್ಟ್ರೈಕ್ ಡಬ್ಲಿಂಗಿನವು ರಾಶಿ ಇದ್ದವು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ ಮೇಲೆ ಮತ್ತೆ ಮರೆಯುವ ಮಾತೇ ಇಲ್ಲ.

ತಾಳೆ ನೋಡುವಾಗ ಅಕ್ಷರ ಮಾತ್ರ ನೋಡಿದರೆ ಸಾಲದು. ಪ್ರತಿ ಡೈಗೂ ಅದರದ್ದೇ ಗಾಯಗಳಿರುತ್ತವೆ. ನಾಣ್ಯಕ್ಕೆ ಗೀರು ಬಿದ್ದರೆ ಅದು ಒಳಕ್ಕೆ ಇಳಿದಿರುತ್ತದೆ. ಡೈಗೆ ಗೀರು ಬಿದ್ದರೆ ಅದು ನಾಣ್ಯದಲ್ಲಿ ಉಬ್ಬಿದ ಗೆರೆಯಾಗಿ ಬರುತ್ತದೆ. ಡೈ ಬಿರುಕು ಬಿಟ್ಟರೂ ಹಾಗೆಯೇ. 1955ರ ಅಸಲಿ ಸೆಂಟಿನ ಹಿಂಬದಿಯಲ್ಲಿ ಸೆಂಟ್ ಎಂಬ ಪದದ ಕೊನೆಯ ಅಕ್ಷರದ ಎಡಕ್ಕೆ ಡೈ ಉಜ್ಜಿದ ಸಣ್ಣ ನೆಟ್ಟನೆಯ ಗೆರೆಗಳಿವೆ. ಎದುರು ಬದಿಯಲ್ಲಿ ಡಬಲ್ ಎಷ್ಟೇ ಚೆನ್ನಾಗಿರಲಿ, ತಿಳಿದವರು ಮೊದಲು ತಿರುಗಿಸಿ ಈ ಗೆರೆ ನೋಡುತ್ತಾರೆ. ಏಕೆಂದರೆ ಆ ನಾಣ್ಯಕ್ಕೆ ಖೋಟಾ ಬಹಳ. 1969ರಲ್ಲಿ ಖೋಟಾ ಹೊಡೆಯುವವರು ತಮ್ಮದೇ ಡಬಲ್ ಡೈ ಸೆಂಟ್ ಮಾಡಿ ಬಿಟ್ಟಿದ್ದರು. ಅದೇ ಹೊತ್ತಿಗೆ ಸ್ಯಾನ್ ಫ್ರಾನ್ಸಿಸ್ಕೋದ ಟಂಕಸಾಲೆಯಿಂದ ಅಸಲಿ ಡಬಲ್ ಡೈ ಹೊರಬಿತ್ತು. ಖೋಟಾ ಹಣ ಹಿಡಿಯುವ ಅಲ್ಲಿಯ ಸೀಕ್ರೆಟ್ ಸರ್ವಿಸ್‌ನವರು ಅಸಲಿಯನ್ನೂ ಖೋಟಾ ಎಂದೇ ಹಿಡಿದರು. ಅಸಲಿ ಎಂದು ಒಪ್ಪುವ ಹೊತ್ತಿಗೆ ಕೆಲವು ನಾಣ್ಯಗಳ ಕಥೆ ಮುಗಿದಿತ್ತು.

ಹಾಗಾಗಿ ನನ್ನದು ಒಂದು ಹಟ ಇದೆ. ತಿಳಿದವರು ಈಗಾಗಲೇ ಗುರುತಿಸಿದ ಪಟ್ಟಿಯಲ್ಲಿ ಇಲ್ಲದ ಡಬಲ್ ಡೈ ಎಂದು ಯಾರಾದರೂ ನಾಣ್ಯ ತಂದರೆ ನಾನು ಎರಡನೆಯದನ್ನು ಕೇಳುತ್ತೇನೆ. ಅದೇ ಇಸವಿ, ಅದೇ ಟಂಕಸಾಲೆ, ಅದೇ ಜಾಗದಲ್ಲಿ ಅದೇ ಡಬಲ್ ಇರುವ ಇನ್ನೊಂದು ನಾಣ್ಯ. ಡೈ ತಪ್ಪಿದ್ದರೆ ಅದು ಸಾವಿರಾರು ನಾಣ್ಯ ಹೊಡೆದಿರಲೇಬೇಕು. ಉಳಿದ ನಾಣ್ಯಗಳು ಎಲ್ಲಿಯೋ ಇರಲೇಬೇಕು. ಪ್ರಪಂಚದಲ್ಲಿ ಒಂದೇ ಒಂದು ಎಂದು ಹೇಳಿ ಮಾರುವವನು ತನಗೆ ಗೊತ್ತಿಲ್ಲದೆಯೇ ಅದು ಡಬಲ್ ಡೈ ಅಲ್ಲ ಎಂದು ಒಪ್ಪಿಕೊಳ್ಳುತ್ತಿರುತ್ತಾನೆ. ಜನರಿಗೆ ಇದು ಅರ್ಥ ಮಾಡಿಸುವುದು ಎಷ್ಟು ಕಷ್ಟ ಗೊತ್ತಾ? ಒಂದೇ ಇದ್ದರೆ ಬೆಲೆ ಜಾಸ್ತಿ ಎಂದು ಎಲ್ಲರ ತಲೆಯಲ್ಲೂ ಕೂತಿದೆ. ಇಲ್ಲಿ ಜೊತೆ ಇದ್ದರೇ ಮರ್ಯಾದೆ.

ಒಮ್ಮೆ ಕ್ಲಾಸಿನಲ್ಲಿ ಇದನ್ನೇ ಆಟ ಮಾಡಿದೆ. ಮಕ್ಕಳಿಗೆ ಮನೆಯಿಂದ ಹತ್ತು ರೂಪಾಯಿ ನಾಣ್ಯ ತರಲು ಹೇಳಿದೆ. ಅದು ಧಾರಾಳ ಸಿಕ್ಕಿತು. ಯಾಕೆಂದರೆ ಆಗ ಇಲ್ಲಿಯ ಕೆಲವು ಅಂಗಡಿಗಳಲ್ಲಿ ಹತ್ತರ ನಾಣ್ಯ ತೆಗೆದುಕೊಳ್ಳುತ್ತಿರಲಿಲ್ಲ. ಹತ್ತು ಗೆರೆ ಇರುವುದು ಅಸಲಿ, ಹದಿನೈದು ಗೆರೆಯದ್ದು ನಕಲಿ ಎಂದು ಯಾರೋ ಹಬ್ಬಿಸಿದ ಗಾಳಿಸುದ್ದಿ. 2018ರಲ್ಲಿ ರಿಸರ್ವ್ ಬ್ಯಾಂಕ್ ಹದಿನಾಲ್ಕು ಬಗೆಯ ವಿನ್ಯಾಸಗಳೂ ಚಲಾವಣೆಯಲ್ಲಿವೆ ಎಂದು ಹೇಳಿದ ಮೇಲೂ ಬಸ್ಸಿನಲ್ಲಿ ಜಗಳ ನಿಂತಿರಲಿಲ್ಲ. ಇರಲಿ. ಮಕ್ಕಳು ನಾಣ್ಯಗಳನ್ನು ಮೊದಲು ಇಸವಿ ಪ್ರಕಾರ, ಆಮೇಲೆ ಟಂಕಸಾಲೆ ಪ್ರಕಾರ ಬೇರೆ ಮಾಡಿದರು. ಇಸವಿಯ ಕೆಳಗೆ ವಜ್ರದ ಆಕಾರ ಇದ್ದರೆ ಮುಂಬೈ, ನಕ್ಷತ್ರ ಇದ್ದರೆ ಹೈದರಾಬಾದ್, ಚುಕ್ಕಿ ಇದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ. ನಂತರ ಲೂಪ್ ಕೊಟ್ಟು, ಡಬಲ್ ಕಂಡದ್ದರ ಜೋಡಿ ಹುಡುಕಿ ಎಂದೆ. ಡಬಲ್ ಸಿಕ್ಕಿತು, ಜೋಡಿ ಸಿಗಲಿಲ್ಲ. ಒಬ್ಬಳು ಕೇಳಿದಳು, "ಸರ್, ಎಲ್ಲದರಲ್ಲೂ ಬೇರೆ ಬೇರೆ ರೀತಿ ಉಂಟಲ್ಲ, ಹಾಗಾದ್ರೆ ಮಿಷನ್ ಅಲುಗಿದ್ದಾ?" ನಾನು ಒಂದು ಪೀರಿಯಡ್ ಇಡೀ ಹೇಳಬೇಕೆಂದಿದ್ದದ್ದು ಅಷ್ಟೇ.

ಕಾಸರಗೋಡಿನ ಮಣ್ಣಿನಲ್ಲಿ ಸಿಗುವ ಹಳೆಯ ನಾಣ್ಯಗಳ ವಿಷಯವೇ ಬೇರೆ. ಬೇಕಲ ಕೋಟೆ ಟಿಪ್ಪುವಿನ ಕೈಯಲ್ಲಿ ಇದ್ದ ಸೀಮೆ ಇದು. ತೋಟ ಅಗೆಯುವಾಗ ಆನೆ ಇರುವ ತಾಮ್ರದ ಪೈಸೆ ಸಿಕ್ಕಿತು ಎಂದು ತರುವವರು ಈಗಲೂ ಇದ್ದಾರೆ. ಕಣ್ಣೂರಿನ ಅಲಿ ರಾಜರ ಚಿಕ್ಕ ಬೆಳ್ಳಿ ನಾಣ್ಯಗಳೂ ಬರುತ್ತವೆ. ಅವುಗಳಲ್ಲಿ ಆನೆಗೆ ಎರಡು ಬೆನ್ನು, ಅಕ್ಷರಗಳ ಮೇಲೆ ಅಕ್ಷರ ಎಲ್ಲ ಮಾಮೂಲಿ. ಅದು ಡಬಲ್ ಡೈ ಅಲ್ಲವೇ ಅಲ್ಲ. ಕೆಳಗೆ ಒಂದು ಅಚ್ಚು, ಮೇಲೆ ಒಂದು ಅಚ್ಚು, ನಡುವೆ ಬಿಸಿ ಬಿಲ್ಲೆ, ಮೇಲಿಂದ ಸುತ್ತಿಗೆ. ಎರಡನೆಯ ಏಟು ಬೀಳುವ ಮೊದಲು ಬಿಲ್ಲೆ ಹಾರಿದರೆ ಚಿತ್ರ ಎರಡು. ಇಲ್ಲಿ ಎರಡಾದದ್ದು ಏಟು. ಹಾಗೆಂದು ಆ ಪೈಸೆಗೆ ಬೆಲೆ ಇಲ್ಲವೆಂದಲ್ಲ, ನನ್ನ ಮಟ್ಟಿಗೆ ಯಾವ ಸೆಂಟಿಗಿಂತಲೂ ಅದು ದೊಡ್ಡದು. ಆದರೆ ಅದರ ಬೆಲೆ ಟಿಪ್ಪುವಿನಿಂದ ಬರಬೇಕು, ಏಟಿನಿಂದ ಅಲ್ಲ.

ಚಿತ್ರ ಬದಲಾದದ್ದನ್ನು ತಪ್ಪು ಎನ್ನುವುದೂ ಸರಿಯಲ್ಲ. 1911ರ ಐದನೆಯ ಜಾರ್ಜ್ ರೂಪಾಯಿ ನೋಡಿ. ಅರಸನ ಅಂಗಿಯ ಮೇಲಿನ ಆನೆ ಸೊಂಡಿಲು ಚಿಕ್ಕದಾಗಿ ಹಂದಿಯ ಹಾಗೆ ಕಂಡಿತು. ಜನ ಗಲಾಟೆ ಮಾಡಿದರು. 1912ರಿಂದ ಸೊಂಡಿಲು ಸರಿ ಮಾಡಿ ಹೊಸ ಚಿತ್ರ ಹಾಕಿದರು. ಈ ಎರಡನ್ನೂ ಜೋಡಿಯಾಗಿ ಇಟ್ಟುಕೊಳ್ಳುವುದು ಚೆಂದ. 1840ರ ವಿಕ್ಟೋರಿಯಾ ರೂಪಾಯಿ ಹಿಡಿದು ಹಿಂಬದಿಯ ಮಾಲೆಯ ಹಣ್ಣುಗಳನ್ನು ಒಂದೊಂದಾಗಿ ಎಣಿಸುವ ಸಂಗ್ರಾಹಕರೂ ಇದ್ದಾರೆ. ಡೈಗೆ ಡೈ ಹಣ್ಣು ಹೆಚ್ಚು ಕಡಿಮೆ. ಹುಚ್ಚು ಎಂದು ನಗುವುದು ಸುಲಭ. ಆದರೆ ಒಂದೇ ಹೆಸರಿನ ನಾಣ್ಯಕ್ಕೆ ಎಷ್ಟು ಡೈ ಇದ್ದವು ಎಂದು ಗೊತ್ತಾಗುವುದು ಇಂಥ ಎಣಿಕೆಯಿಂದಲೇ.

ನಮ್ಮಲ್ಲಿ ಮಾರುಕಟ್ಟೆಯ ಗದ್ದಲದಲ್ಲಿ ಈ ಎಣಿಕೆಗೆ ಜಾಗ ಕಡಿಮೆ. ಒಂದು ಬದಿಯ ಚಿತ್ರವೇ ಇನ್ನೊಂದು ಬದಿಯಲ್ಲಿ ಒಳಕ್ಕೆ ಇಳಿದು ಕಾಣುವ ನಾಣ್ಯವನ್ನು ಲಾಖಿ ಎಂದು ಕರೆದು ರೇಟು ಏರಿಸುತ್ತಾರೆ. ವೈಷ್ಣೋದೇವಿಯ ಚಿತ್ರ ಇರುವ ಐದು, ಹತ್ತರ ನಾಣ್ಯಕ್ಕೆ ಲಕ್ಷ ಸಿಗುತ್ತದೆ ಎಂದು ವಿಡಿಯೋ ಮಾಡುತ್ತಾರೆ. ಮಾರಿಸಿ ಕೊಡುತ್ತೇವೆ, ಮೊದಲು ಕಮಿಷನ್ ಹಾಕಿ ಎನ್ನುತ್ತಾರೆ. ರಿಸರ್ವ್ ಬ್ಯಾಂಕಿನ ಹೆಸರು ಹೇಳಿಕೊಂಡೇ ಇಂಥ ವಸೂಲಿ ನಡೆಯುತ್ತಿದೆ ಎಂದು ಬ್ಯಾಂಕ್ ತಾನೇ 2021ರ ಆಗಸ್ಟಿನಲ್ಲಿ ಜನರನ್ನು ಎಚ್ಚರಿಸಿತ್ತು. ಈಗ ಡಬಲ್ ಡೈ ಆ ಪಟ್ಟಿಗೆ ಹೊಸದಾಗಿ ಸೇರಿದೆ. ಸ್ಟೀಲಿನ ಒಂದು ರೂಪಾಯಿಯ ಸ್ಟ್ರೈಕ್ ಡಬ್ಲಿಂಗಿಗೆ ಸಾವಿರಗಟ್ಟಲೆ ಕೇಳಿದವರನ್ನು ನಾನು ನೋಡಿದ್ದೇನೆ. ಅದರ ಬೆಲೆ ಒಂದು ರೂಪಾಯಿ. ಇಷ್ಟವಾದರೆ ಇಟ್ಟುಕೊಳ್ಳಿ, ನಾನೂ ಕೆಲವನ್ನು ಇಟ್ಟುಕೊಂಡಿದ್ದೇನೆ. ದುಡ್ಡು ಕೊಟ್ಟು ಅಲ್ಲ.

ಇನ್ನೊಂದು ಅನಾಹುತ ಹುಣಸೆಹುಳಿ. ಹಳೆಯ ನಾಣ್ಯ ಸಿಕ್ಕಿದ ಕೂಡಲೇ ತೊಳೆದು, ಉಜ್ಜಿ, ಪಳಪಳ ಮಾಡಿ ತರುತ್ತಾರೆ. ನಾನು ನೋಡಬೇಕಾದ ಮೂಲೆ, ಕಚ್ಚು, ಡೈಯ ಸಣ್ಣ ಗೆರೆ, ಎಲ್ಲವೂ ಬೂದಿಯ ಜೊತೆ ಹೋಗಿರುತ್ತವೆ. ದಯವಿಟ್ಟು ಬೇಡ.

ಹೊಸ ನಾಣ್ಯಗಳಲ್ಲಿ ದೊಡ್ಡ ಡಬಲ್ ಡೈ ಸಿಗುವುದು ಕಡಿಮೆಯಾಗುತ್ತಿದೆ. ಅಮೆರಿಕದಲ್ಲಿ 1990ರ ದಶಕದ ಕೊನೆಯಲ್ಲಿ ಒಂದೇ ಒತ್ತಿಗೆ ಡೈ ಮಾಡುವ ಪದ್ಧತಿ ಬಂತು. ಒಮ್ಮೆ ಮಾತ್ರ ಒತ್ತಿದರೆ ಡಬಲ್ ಬರುವುದೆಲ್ಲಿ ಎಂದು ಎಲ್ಲರೂ ಅಂದುಕೊಂಡರು. ಬಂತು. ಡೈಯ ಖಾಲಿ ಉಕ್ಕಿನ ತಲೆ ತುಸು ಶಂಕುವಿನ ಆಕಾರದಲ್ಲಿರುತ್ತದೆ. ಅದು ಓರೆಯಾಗಿ ಕೂತರೆ ಒತ್ತಡ ಶುರುವಾದ ಕೂಡಲೇ ಜಾರಿ ನೆಟ್ಟಗಾಗುತ್ತದೆ. ಜಾರುವ ಮೊದಲು ಹಬ್ಬಿನ ನಡುಭಾಗ ಒಂದು ಗುರುತು ಬಿಟ್ಟಿರುತ್ತದೆ. ಹಾಗಾಗಿ ಈಗಿನ ಡಬಲ್ ಅಂಚಿನ ಅಕ್ಷರಗಳಲ್ಲಿ ಅಲ್ಲ, ನಾಣ್ಯದ ನಡುವಿನಲ್ಲಿ. 2009ರ ಸೆಂಟಿನಲ್ಲಿ ಹುಡುಗ ಲಿಂಕನ್ ಮರದ ದಿಮ್ಮಿಯ ಮೇಲೆ ಕೂತು ಪುಸ್ತಕ ಓದುವ ಚಿತ್ರ ಇದೆ. ಪುಸ್ತಕ ಹಿಡಿದ ಕೈಯಲ್ಲಿ ಒಂದು ಬೆರಳು ಹೆಚ್ಚಿರುವ ಡೈಗಳು ಅದರಲ್ಲಿ ಬೇಕಾದಷ್ಟು. ಮೊದಲು ಅಂಚು ನೋಡುತ್ತಿದ್ದವರು ಈಗ ಬೆರಳು ಎಣಿಸುತ್ತಿದ್ದಾ‍ರೆ.

ನನಗೆ ಆಸೆ ಇರುವುದು ಹಳೆಯದರ ಮೇಲೆಯೇ, ಅದೂ ನಮ್ಮದರ ಮೇಲೆ. 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯ ಬಂದ ಮೇಲಿನ ನಯಾ ಪೈಸೆಗಳು, 1964ರಿಂದ ಬಂದ ಅಲ್ಯುಮಿನಿಯಮ್ಮಿನ ಮೂರು ಪೈಸೆಗಳು, ಕಮಲದ ಇಪ್ಪತ್ತು ಪೈಸೆ. ಹಬ್ಬನ್ನು ಮತ್ತೆ ಮತ್ತೆ ಒತ್ತುತ್ತಿದ್ದ ಕಾಲದವು. 2011ರ ಜೂನ್ ಕೊನೆಗೆ ಇಪ್ಪತ್ತೈದು ಪೈಸೆ ಮತ್ತು ಅದಕ್ಕಿಂತ ಕೆಳಗಿನವೆಲ್ಲ ಚಲಾವಣೆಯಿಂದ ಹೋದವು. ಬಹಳಷ್ಟು ಗುಜರಿಗೆ ಬಂದವು. ಭಜನಾ ಮಂದಿರದ ಕಾಣಿಕೆ ಡಬ್ಬಿಯಲ್ಲೂ ಕಾಣುವುದು ಅಪರೂಪ.

ಕಾಸರಗೋಡು ಹಳೆ ಬಸ್‌ಸ್ಟ್ಯಾಂಡಿನ ಕಡೆ ಒಂದು ಗುಜರಿ ಅಂಗಡಿ ಇದೆ. ಅಂಗಡಿಯ ಯಜಮಾನರು, ನಾವು ಇಚ್ಚ, ಅಂದರೆ ಅಣ್ಣ, ಎಂದು ಕರೆಯುವವರು, ನನಗಾಗಿ ನಾಣ್ಯಗಳನ್ನು ಎಣ್ಣೆ ಡಬ್ಬಿಯಲ್ಲಿ ಎತ್ತಿಡುತ್ತಾರೆ, ತೂಕಕ್ಕೆ ಕೊಡುತ್ತಾರೆ. ಅಲ್ಲಿ ಕಮಲದ ಇಪ್ಪತ್ತು ಪೈಸೆ ಒಂದು ಸಿಕ್ಕಿದೆ. 1970ರದ್ದು. ಇಸವಿಯ 7 ದಪ್ಪಗಿದೆ, ತುದಿಯಲ್ಲಿ ಕಚ್ಚು ಇದೆ, ಚಪ್ಪಟೆ ಮೆಟ್ಟಿಲು ಇಲ್ಲ. ಅದು ಏನು ಎಂದು ನಾನು ಇನ್ನೂ ಹೆಸರಿಟ್ಟಿಲ್ಲ. ಅದರ ಜೊತೆಗಾರನನ್ನು ಹುಡುಕುತ್ತಿದ್ದೇನೆ. ಆದರೆ ಚಿನ್ನದ ಬಣ್ಣ ಎಂದು ಎಷ್ಟೋ ಮನೆಯವರು ಈ ನಾಣ್ಯವನ್ನು ಲಕ್ಷ್ಮೀಪೂಜೆಗೆ ತೆಗೆದಿಟ್ಟಿದ್ದಾರೆ. ಗುಜರಿಗೆ ಬರುವುದು ಕಡಿಮೆ, ಬಂದರೆ ಹುಣಸೆಹುಳಿ ಕಂಡೇ ಬರುತ್ತದೆ.

"ಅದೇ ಇಸವಿಯದ್ದು ಬೇಕಾ ಮಾಷ್ಟ್ರೇ, ಬೇರೆ ಆಗ್ಲಿಕ್ಕಿಲ್ವಾ?" ಎಂದು ಇಚ್ಚ ಪ್ರತಿ ಸಲ ಕೇಳುತ್ತಾರೆ. ಆಗುವುದಿಲ್ಲ ಎನ್ನುತ್ತೇನೆ. ಅವರು ಸಿಮೆಂಟ್ ಗೋಣಿಯ ತುಂಡಿನ ಮೇಲೆ 1970 ಎಂದು ದೊಡ್ಡದಾಗಿ ಬರೆದು ತಕ್ಕಡಿಯ ಮೇಲೆ ಅಂಟಿಸಿದ್ದಾರೆ. ಈಗ ಅಲ್ಲಿಗೆ ಬರುವವರೆಲ್ಲ ಅದು ಯಾವುದರ ರೇಟು ಎಂದು ವಿಚಾರಿಸುತ್ತಾರಂತೆ.